ವಂಶದಲ್ಲೇ ಕಣ್ಣಿನ ಕಾಯಿಲೆ ಇದೆಯಾ? ರೆಟಿನಾ ಕಳಚದಂತೆ ಕಾಯಲು ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಕಣ್ಣು ಚೆಕ್ ಮಾಡಿಸಿದ್ದೇವೆ, ಏನೂ ತೊಂದರೆ ಇಲ್ಲ ಅಂದ್ರು." ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಯಾಕೆಂದರೆ ಹಾಗೆ ಹೇಳುವವರಲ್ಲಿ ಹೆಚ್ಚಿನವರು ಮಾಡಿಸಿರುವುದು ಕನ್ನಡಕದ ನಂಬರ್ ಚೆಕ್. ಕಣ್ಣಿನ ಒಳಗೋಡೆಯ ಪದರವಾದ ರೆಟಿನಾವನ್ನು ಯಾರೂ ನೋಡಿರುವುದಿಲ್ಲ.

ನಮ್ಮ ಮನೆಯಲ್ಲಿ ಅಪ್ಪನಿಗೆ, ನನಗೆ, ನನ್ನ ಮಗಳಿಗೆ ಸ್ಟಿಕ್ಲರ್ ಸಿಂಡ್ರೋಮ್ ಇದೆ, ಅಂದರೆ ಕಣ್ಣು, ಕಿವಿ, ಕೀಲುಗಳಿಗೆ ತೊಂದರೆ ಕೊಡುವ, ವಂಶದಲ್ಲಿ ಬರುವ ಕಾಯಿಲೆ. ಅಪ್ಪನ ಎಡಗಣ್ಣು ಹೋದದ್ದು ತಡ ಮಾಡಿದ್ದರಿಂದ. ಒಂದು ದಿನ ಸ್ನಾನ ಮಾಡುವಾಗ ಬಲಗಣ್ಣಿಗೆ ಸೋಪು ಹೋಗಿ ಮುಚ್ಚಿಕೊಂಡರು. ಎಡಗಣ್ಣಲ್ಲಿ ನೋಡಿದರೆ ಎದುರಿಗಿದ್ದ ಚೊಂಬಿನ ಕೆಳಗಿನ ಅರ್ಧ ಇಲ್ಲ, ಅಲ್ಲಿ ಬರೀ ಕಪ್ಪು ನೆರಳು. ಎಷ್ಟು ದಿನದಿಂದ ಹಾಗಿತ್ತೋ ಗೊತ್ತಿಲ್ಲ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ, ಅಲ್ವಾ? ಹಾಗಾಗಿ ತಿಳಿದೇ ಇರಲಿಲ್ಲ. ಆಮೇಲೆ ಮನೆಯಲ್ಲಿ ಎಲ್ಲರೂ "ಪೊರೆ ಬಂದಿರಬೇಕು, ಮುಂದಿನ ಕ್ಯಾಂಪಿನಲ್ಲಿ ತೆಗೆಸಿದರಾಯಿತು" ಅಂದರು. ಮೂರು ವಾರ ಕಳೆಯಿತು. ಅಷ್ಟರಲ್ಲಿ ರೆಟಿನಾದ ನಡುಭಾಗವೂ ಕಳಚಿತ್ತು.

ಪೊರೆ ತಿಂಗಳುಗಟ್ಟಲೆ ನಿಧಾನಕ್ಕೆ ಮಸುಕು ಮಾಡುತ್ತದೆ. ಒಂದು ಕಡೆಯಿಂದ ಪರದೆ ಎಳೆದ ಹಾಗೆ ಬರುವ ನೆರಳು ಪೊರೆಯಲ್ಲ. ಇದೊಂದನ್ನು ಮನೆಯವರಿಗೆಲ್ಲ ಹೇಳಿಟ್ಟು ಮುಂದೆ ಓದಿ.

ಮೊದಲು ಇಷ್ಟು ಗೊತ್ತಿರಲಿ

ಕಣ್ಣಿನ ಒಳಗೋಡೆಗೆ ತೆಳುವಾಗಿ ಅಂಟಿಕೊಂಡ ಪದರ ರೆಟಿನಾ. ಕಣ್ಣಿನ ಒಳಗೆಲ್ಲ ತಾಟಿನಿಂಗಿನ ತಿರುಳಿನಂಥ ಒಂದು ಜೆಲ್ಲಿ ತುಂಬಿರುತ್ತದೆ. ಕೆಲವು ವಂಶವಾಹಿ ಕಾಯಿಲೆಗಳಲ್ಲಿ ಈ ಜೆಲ್ಲಿ ಹುಟ್ಟಿನಿಂದಲೇ ಸರಿಯಾಗಿ ಕೂಡಿರುವುದಿಲ್ಲ, ಕಣ್ಣುಗುಡ್ಡೆಯೂ ಉದ್ದಕ್ಕೆ ಬೆಳೆದು ರೆಟಿನಾ ಬಿಗಿಯಾಗಿ ಎಳೆದಂತಿರುತ್ತದೆ. ಜೆಲ್ಲಿ ಎಳೆದಾಗ ರೆಟಿನಾ ಹರಿಯುತ್ತದೆ. ಹರಿದ ಜಾಗದಿಂದ ನೀರು ಒಳಹೊಕ್ಕು, ಗೋಡೆಗೆ ನೀರಿಳಿದು ಸುಣ್ಣದ ಪದರ ಬಿಟ್ಟುಕೊಳ್ಳುವ ಹಾಗೆ, ರೆಟಿನಾ ಬಿಟ್ಟುಕೊಳ್ಳುತ್ತಾ ಹೋಗುತ್ತದೆ. ನೋವು ಇರುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ.

ಅಂದರೆ ನಮಗೆ ಕೈಗೆ ಸಿಗುವ ಸಮಯ ಎರಡು: ಹರಿಯುವ ಮೊದಲು, ಮತ್ತು ಹರಿದು ಇನ್ನೂ ಕಳಚದಿರುವಾಗ. ಕೆಳಗಿನ ಹಂತಗಳೆಲ್ಲ ಈ ಎರಡನ್ನು ಹಿಡಿಯುವುದಕ್ಕೇ.

ಹಂತ 1: ಮನೆಯವರ ಪಟ್ಟಿ ಬರೆಯಿರಿ

ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು, ಹಳೆಯ ಸಂಗತಿ ನೆನಪಿರುವ ಒಬ್ಬರು ಅಜ್ಜಿ ಅಥವಾ ದೊಡ್ಡಪ್ಪ. ಡಾಕ್ಟರ ಹತ್ತಿರ ಹೋಗುವ ಮೊದಲೇ ಇದನ್ನು ಮಾಡಿ, ಅಲ್ಲಿ ಕೂತಾಗ ಏನೂ ನೆನಪಾಗುವುದಿಲ್ಲ.

"ಯಾರಿಗಾದರೂ ರೆಟಿನಾ ಕಳಚಿತ್ತಾ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ. ಹೀಗೆ ಕೇಳಿ: ಚಿಕ್ಕ ವಯಸ್ಸಿನಲ್ಲಿ ಯಾರ ಕಣ್ಣು ಹೋಗಿತ್ತು? ಒಂದೇ ಕಣ್ಣು ಕಾಣುತ್ತಿದ್ದವರು ಯಾರು? ಶಾಲೆಗೆ ಸೇರುವ ಮೊದಲೇ ಸೋಡಾಗ್ಲಾಸ್ ಹಾಕಿದವರು? ಹುಟ್ಟುವಾಗ ಅಂಗುಳ ಸೀಳಿದ್ದ ಮಗು? ಗದ್ದ ತುಂಬಾ ಚಿಕ್ಕದಿದ್ದವರು? ಬೇಗ ಕಿವಿ ಮಂದವಾದವರು, ಮೂವತ್ತು ನಲವತ್ತಕ್ಕೇ ಮಂಡಿ ಸವೆದವರು? ಇವೆಲ್ಲ ಸ್ಟಿಕ್ಲರ್ ಕಡೆ ಕೈ ತೋರಿಸುತ್ತವೆ. ತುಂಬಾ ಎತ್ತರ, ಉದ್ದನೆಯ ಕೈಬೆರಳು, ಹೃದಯದ ತೊಂದರೆ, ಕಣ್ಣಿನ ಲೆನ್ಸ್ ಜಾರಿದ್ದು ಇದ್ದರೆ ವಂಶದಲ್ಲೇ ಬರುವ ಇನ್ನೊಂದು ಕಾಯಿಲೆ, ಮಾರ್ಫಾನ್ ಸಿಂಡ್ರೋಮ್ ಇರಬಹುದು.

ಇಲ್ಲಿ ಆಗುವ ದೊಡ್ಡ ತಪ್ಪು, "ನಮ್ಮಲ್ಲಿ ಸಂಬಂಧದಲ್ಲಿ ಮದುವೆ ಆಗಿಲ್ಲ, ಹಾಗಾಗಿ ವಂಶದ್ದು ಇರಲಿಕ್ಕಿಲ್ಲ" ಅಂದುಕೊಳ್ಳುವುದು. ಸ್ಟಿಕ್ಲರ್‌ನ ಹೆಚ್ಚಿನ ವಿಧಗಳೂ ಮಾರ್ಫಾನ್ ಕೂಡ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ 50% ಸಾಧ್ಯತೆ. ಮನೆಯಲ್ಲಿ ಯಾರಿಗೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಶುರುವಾಗುವುದೂ ಉಂಟು. ಅಕ್ಕನ ಮಗಳನ್ನೋ ಸೋದರಮಾವನನ್ನೋ ಮದುವೆಯಾದ ಮನೆಗಳಲ್ಲಿ ಬೇರೆ ಬಗೆಯ, ಇಬ್ಬರಿಂದಲೂ ಬರಬೇಕಾದ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ. ಎರಡೂ ಸಂಗತಿಯನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಹಂತ 2: ಕಾಯಿಲೆಗೆ ಒಂದು ಹೆಸರು ಸಿಗಬೇಕು

"ಹೈ ಮಯೋಪಿಯಾ" (ಮೈನಸ್ ಪವರ್ ತುಂಬಾ ಜಾಸ್ತಿ ಇರುವುದು) ಅನ್ನುವುದು ಹೆಸರಲ್ಲ, ಅದು ಲಕ್ಷಣ. ಚಿಕ್ಕ ಮಗುವಿಗೆ ಮೈನಸ್ ಆರಕ್ಕಿಂತ ಜಾಸ್ತಿ ಪವರ್ ಇದ್ದರೆ "ಇದು ಯಾಕೆ ಬಂತು?" ಅಂತ ಕೇಳುವ ಹಕ್ಕು ನಿಮಗಿದೆ. ಹೆಸರು ಯಾಕೆ ಬೇಕು ಅಂದರೆ, ಒಂದು ಕಾಯಿಲೆಗೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಕೆಡುಕು ಮಾಡಬಹುದು.

ಸ್ಟಿಕ್ಲರ್ ಮೊದಲನೆಯ ವಿಧದಲ್ಲಿ (ಸಿಒಎಲ್2ಎ1 ಜೀನಿನ ದೋಷ, ಇದೇ ಎಲ್ಲಕ್ಕಿಂತ ಸಾಮಾನ್ಯ) ಏನೂ ಮಾಡದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ದಿನ ರೆಟಿನಾ ಕಳಚುತ್ತದೆ, ಅದೂ ಹಲವರಿಗೆ ಮಕ್ಕಳಾಗಿದ್ದಾಗಲೇ. ಇಲ್ಲಿ ಮುಂಚಿತವಾಗಿ ಚಿಕಿತ್ಸೆ ಮಾಡುವ ಮಾತು ಬರುತ್ತದೆ. ಗಂಡು ಮಕ್ಕಳಿಗೆ ತಾಯಿಯ ಕಡೆಯಿಂದ ಬರುವ ಎಕ್ಸ್-ಲಿಂಕ್ಡ್ ರೆಟಿನೋಸ್ಕೈಸಿಸ್‌ನಲ್ಲಿ ರೆಟಿನಾವೇ ಎರಡು ಪದರವಾಗಿ ಸೀಳಿರುತ್ತದೆ, ಅಲ್ಲಿ ಮುಂಜಾಗ್ರತೆಯ ಲೇಸರ್ ಹಾಕಿದರೆ ಅದರಿಂದಲೇ ಕಳಚುವ ಭಯ ಇದೆ, ಹಾಗಾಗಿ ಸಾಮಾನ್ಯವಾಗಿ ಹಾಕುವುದಿಲ್ಲ. ಎಫ್‌ಇವಿಆರ್ ಅನ್ನುವ ಕಾಯಿಲೆಯಲ್ಲಿ ರೆಟಿನಾದ ಅಂಚಿಗೆ ರಕ್ತನಾಳವೇ ತಲುಪಿರುವುದಿಲ್ಲ. ಅಲ್ಲಿ ಲೇಸರ್ ಹಾಕುವ ಜಾಗವೂ ಉದ್ದೇಶವೂ ಬೇರೆ. ಅದರಲ್ಲಿ ಇನ್ನೊಂದು ವಿಷಯ, ತಂದೆ ತಾಯಿಗೆ ಕಾಯಿಲೆ ಇದ್ದರೂ ಲಕ್ಷಣವೇ ಇಲ್ಲದಿರಬಹುದು. ಹಾಗಾಗಿ ಮಗುವಿಗೆ ಅಂತ ಹೋದಾಗ ನಿಮ್ಮ ಕಣ್ಣನ್ನೂ ತೋರಿಸಿ.

ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಇನ್ನೊಂದು ವಂಶದ ಕಾಯಿಲೆ ಇರುವವರು ತುಂಬಾ ಜನ, ರೆಟಿನಾ ಕಳಚದಂತೆ ಏನು ಮಾಡಬೇಕು ಅಂತ ನನ್ನನ್ನು ಕೇಳುತ್ತಾರೆ. ಅದರಲ್ಲಿ ನೋಟ ಕುಗ್ಗುವುದು ರೆಟಿನಾದ ಜೀವಕೋಶ ಸಾಯುವುದರಿಂದ, ಕಳಚುವುದರಿಂದಲ್ಲ. ನಿಮ್ಮ ದಾರಿ ಬೇರೆ.

ಹೆಸರು ತಿಳಿಯಲು ಕಣ್ಣಿನ ಡಾಕ್ಟರ ಜೊತೆ ಜೆನೆಟಿಕ್ಸ್ ಡಾಕ್ಟರೂ ಬೇಕು. ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸುವುದಾದರೆ ಮನೆಯಲ್ಲಿ ಕಾಯಿಲೆ ಖಂಡಿತ ಇರುವವರಿಂದ ಶುರು ಮಾಡಿ. ಅವರಲ್ಲಿ ದೋಷ ಎಲ್ಲಿದೆ ಅಂತ ಸಿಕ್ಕಿದರೆ ಉಳಿದವರಿಗೆ ಆ ಒಂದು ಜಾಗವನ್ನು ನೋಡಿದರೆ ಸಾಕು, ಖರ್ಚೂ ಉಳಿಯುತ್ತದೆ. ಮಗುವಿಗೆ ಮೊದಲು ಮಾಡಿಸಿ "ಏನೂ ಸ್ಪಷ್ಟವಿಲ್ಲ" ಅನ್ನುವ ರಿಪೋರ್ಟ್ ಹಿಡಿದು ಕೂರುವವರನ್ನು ನೋಡಿದ್ದೇನೆ. ರಿಪೋರ್ಟಿಗೆ ಕಾಯುತ್ತಾ ಮೂರನೆಯ ಹಂತ ಮುಂದೂಡಬೇಡಿ, ಎರಡೂ ಒಟ್ಟಿಗೆ ನಡೆಯಲಿ.

ಹಂತ 3: ನಿಜವಾದ ರೆಟಿನಾ ತಪಾಸಣೆ

ಹೆಚ್ಚಿನವರು ಸೋಲುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹರಿಯುವುದು ರೆಟಿನಾದ ಅಂಚಿನಲ್ಲಿ. ಅಂಚು ಕಾಣಬೇಕಾದರೆ ಪಾಪೆ ಪೂರ್ತಿ ಅರಳಬೇಕು. ಹಾಗಾಗಿ ಮೊದಲು ಹನಿ ಹಾಕುತ್ತಾರೆ. ಚುರುಚುರು ಅನ್ನುತ್ತದೆ. ಕಣ್ಣು ಮುಚ್ಚಿ ಅರ್ಧ ಗಂಟೆ ಕೂರಬೇಕು, ಬೇಕಾದರೆ ಮತ್ತೆ ಹಾಕುತ್ತಾರೆ. ಮಾರ್ಫಾನ್ ಇದ್ದವರಿಗೆ ಪಾಪೆ ಅಷ್ಟು ಸುಲಭಕ್ಕೆ ಅರಳುವುದಿಲ್ಲ, ಬೇಜಾರು ಮಾಡಿಕೊಳ್ಳದೆ ಕಾಯಿರಿ. ಬಿಪಿ, ಹೃದಯದ ತೊಂದರೆ ಇದ್ದರೆ ಹನಿ ಹಾಕುವ ಮೊದಲೇ ಹೇಳಿ.

ಆಮೇಲೆ ಡಾಕ್ಟರು ತಲೆಗೆ ಲೈಟು ಕಟ್ಟಿಕೊಂಡು, ಕೈಯಲ್ಲಿ ಒಂದು ಲೆನ್ಸ್ ಹಿಡಿದು, ನಿಮ್ಮನ್ನು ಮಲಗಿಸಿ ನೋಡುತ್ತಾರೆ. "ಮೇಲೆ ನೋಡಿ, ಬಲಕ್ಕೆ ನೋಡಿ, ನಿಮ್ಮ ಕಾಲು ನೋಡಿ" ಅಂತ ಸುತ್ತ ಎಲ್ಲ ದಿಕ್ಕಿಗೂ ನೋಡಿಸುತ್ತಾರೆ. ಇನ್ನೊಂದು ಕೈಯಲ್ಲಿ ಸಣ್ಣ ಲೋಹದ ಕಡ್ಡಿಯಿಂದ ರೆಪ್ಪೆಯ ಮೇಲಿನಿಂದ ಕಣ್ಣನ್ನು ಮೆಲ್ಲಗೆ ಒತ್ತುತ್ತಾರೆ. ಒತ್ತಿದಾಗ ಮೂಲೆಯಲ್ಲಿ ಅಡಗಿದ ಅಂಚು ಒಳಕ್ಕೆ ಬಂದು ಕಾಣುತ್ತದೆ. ಸ್ವಲ್ಪ ನೋವಾಗುತ್ತದೆ, ಕಣ್ಣೀರು ಬರುತ್ತದೆ. ಎದ್ದು ಕೂತಾಗ ಒಂದೆರಡು ನಿಮಿಷ ಕೋಣೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಹೆದರಬೇಡಿ, ಜೋರು ಬೆಳಕಿನಿಂದ ಹಾಗಾಗುವುದು.

ಹೀಗೆ ನೋಡಿದ್ದರೆ ಮಾತ್ರ ರೆಟಿನಾ ತಪಾಸಣೆ ಆಯಿತು ಅನ್ನಿ. ಕೇಳಬೇಕಾದ ಪ್ರಶ್ನೆ ಒಂದೇ: "ಡಾಕ್ಟ್ರೇ, ಅಂಚಿನವರೆಗೂ ಒತ್ತಿ ನೋಡಿದ್ರಾ? ಹೋಲ್, ಲ್ಯಾಟಿಸ್ ಏನಾದರೂ ಇದೆಯಾ?" ಹೋಲ್ ಅಂದರೆ ರೆಟಿನಾದಲ್ಲಿ ತೂತು, ಲ್ಯಾಟಿಸ್ ಅಂದರೆ ಅಂಚಿನಲ್ಲಿ ರೆಟಿನಾ ತೆಳುವಾದ ಜಾಗ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಗಲವಾದ ರೆಟಿನಾ ಫೋಟೋ ತೆಗೆಸಿಕೊಂಡರೆ ಮುಂದಿನ ವರ್ಷ ಹೋಲಿಸಿ ನೋಡಲು ಅನುಕೂಲ. ಆದರೆ ಫೋಟೋ ಒಂದೇ ಸಾಲದು. ಓಸಿಟಿ, ಅಂದರೆ ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್, ಸಾಮಾನ್ಯವಾಗಿ ನಡುಭಾಗವನ್ನು ತೋರಿಸುತ್ತದೆ, ಅಂಚನ್ನಲ್ಲ. "ಓಸಿಟಿ ನಾರ್ಮಲ್" ಅಂತ ಸಮಾಧಾನ ಪಡಬೇಡಿ.

ಚಿಕ್ಕ ಮಕ್ಕಳು ಇದಕ್ಕೆಲ್ಲ ಸುಮ್ನೆ ಮಲಗುವುದಿಲ್ಲ. ಅವರಿಗೆ ಅನಸ್ತೇಶಿಯಾ ಕೊಟ್ಟು ನೋಡಬೇಕಾಗಬಹುದು. ಸ್ಟಿಕ್ಲರ್ ಮಕ್ಕಳ ಗದ್ದ ಚಿಕ್ಕದಿದ್ದರೆ ಉಸಿರಿನ ನಳಿಕೆ ಹಾಕುವುದು ಕಷ್ಟ, ಮಾರ್ಫಾನ್ ಇದ್ದರೆ ಮೊದಲು ಹೃದಯದ ಎಕೋ ಆಗಿರಬೇಕು. ಇದನ್ನು ಅನಸ್ತೇಶಿಯಾ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ, ಫೈಲಿನಲ್ಲಿ ಇದೆ ಅಂತ ಬಿಡಬೇಡಿ.

ಆ ದಿನ ಬೈಕ್ ತೆಗೆದುಕೊಂಡು ಹೋಗಬೇಡಿ. ನಾಲ್ಕಾರು ಗಂಟೆ ಮಸುಕಾಗಿರುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಮನೆಯವರೊಬ್ಬರು ಜೊತೆಗಿರಲಿ.

ಎಷ್ಟು ದಿನಕ್ಕೊಮ್ಮೆ? ದೊಡ್ಡವರಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆಯಾದರೂ, ಮಕ್ಕಳಿಗೆ ಇನ್ನೂ ಬೇಗ. ನಿಮ್ಮ ಅವಧಿಯನ್ನು ರೆಟಿನಾ ಡಾಕ್ಟರೇ ಹೇಳಬೇಕು. ಕನ್ನಡಕದ ಅಂಗಡಿಯ ಕಂಪ್ಯೂಟರ್ ಚೆಕ್ ಇದರ ಬದಲಿಗೆ ಆಗುವುದಿಲ್ಲ. ಲೇಸಿಕ್ ಮಾಡಿಸಿ ಕನ್ನಡಕ ಬಿಟ್ಟವರೂ ತಪ್ಪಿಸಬಾರದು, ಯಾಕೆಂದರೆ ಲೇಸಿಕ್ ಬದಲಾಯಿಸುವುದು ಕಣ್ಣಿನ ಮುಂಭಾಗವನ್ನು ಮಾತ್ರ. ಒಳಗಿನ ಉದ್ದ ಕಣ್ಣು, ಎಳೆದ ರೆಟಿನಾ ಹಾಗೆಯೇ ಇರುತ್ತದೆ.

ಹಂತ 4: ಲೇಸರ್ ಅಥವಾ ಕ್ರಯೋ ಬೇಕೇ, ನಿರ್ಧರಿಸಿ

ರೆಟಿನಾ ಹರಿದಿದೆ ಅಂತ ಕಂಡು, ಕಣ್ಣಲ್ಲಿ ಮಿಂಚು ಚುಕ್ಕಿಗಳೂ ಬರುತ್ತಿದ್ದರೆ ಯೋಚಿಸಲು ಏನೂ ಇಲ್ಲ, ಅವತ್ತೇ ಅಥವಾ ಮರುದಿನ ಲೇಸರ್. ಹರಿದ ಜಾಗದ ಸುತ್ತ ಎರಡು ಮೂರು ಸಾಲು ಲೇಸರ್ ಚುಕ್ಕಿ ಇಡುತ್ತಾರೆ. ಅಲ್ಲಿ ಕಲೆ ಕಟ್ಟಿ ರೆಟಿನಾ ಗೋಡೆಗೆ ಗಟ್ಟಿಯಾಗಿ ಅಂಟುತ್ತದೆ. ಕ್ರಯೋ ಅಂದರೆ ಅದೇ ಕೆಲಸವನ್ನು ಹೊರಗಿನಿಂದ ತಣ್ಣಗೆ ಹೆಪ್ಪುಗಟ್ಟಿಸಿ ಮಾಡುವುದು.

ಹರಿಯದೇ ಇರುವಾಗಲೇ ಮಾಡಿಸಬೇಕಾ ಅನ್ನುವುದು ಕಷ್ಟದ ಪ್ರಶ್ನೆ. ಸ್ಟಿಕ್ಲರ್ ಮೊದಲನೆಯ ವಿಧಕ್ಕೆ ಇಂಗ್ಲೆಂಡಿನ ಕೇಂಬ್ರಿಜ್ ತಂಡ ಅಂಚಿನ ಸುತ್ತಲೂ ಪೂರ್ತಿ ಕ್ರಯೋ ಮಾಡುವ ಕ್ರಮವನ್ನು ಅನುಸರಿಸುತ್ತದೆ. 2014ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಮಾಡಿಸದವರಿಗೆ ಕಳಚುವ ಅಪಾಯ ಮಾಡಿಸಿಕೊಂಡವರಿಗಿಂತ ಏಳು ಪಟ್ಟಿಗೂ ಹೆಚ್ಚಿತ್ತು. ಅದು ಹಳೆಯ ರೋಗಿಗಳ ದಾಖಲೆ ನೋಡಿ ಮಾಡಿದ ಲೆಕ್ಕ, ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ. ಹಾಗಾಗಿ ಎಲ್ಲ ಡಾಕ್ಟರೂ ಒಂದೇ ಮಾತು ಹೇಳುವುದಿಲ್ಲ. ಕೆಲವರು ಲೇಸರ್ ಸಾಕು ಅನ್ನುತ್ತಾರೆ, ಕೆಲವರು ಕಾದು ನೋಡೋಣ ಅನ್ನುತ್ತಾರೆ. ನನ್ನ ಮಗಳಿಗೆ ನಾವು ಇಬ್ಬರು ರೆಟಿನಾ ಡಾಕ್ಟರ ಅಭಿಪ್ರಾಯ ಕೇಳಿ ಮಾಡಿಸಿದೆವು. ನೀವೂ ಎರಡನೆಯ ಅಭಿಪ್ರಾಯ ಕೇಳಿ, ಅದರಲ್ಲಿ ಸಂಕೋಚ ಬೇಡ. ಆದರೆ ಮೂರು, ನಾಲ್ಕು, ಐದು ಅಂತ ಕೇಳುತ್ತಾ ವರ್ಷ ಕಳೆಯಬೇಡಿ.

ಲೇಸರ್ ಆದ ಮೇಲೆ ಕಲೆ ಗಟ್ಟಿಯಾಗಲು 10ರಿಂದ 14 ದಿನ ಬೇಕು. ಅಷ್ಟು ದಿನ ಭಾರ ಎತ್ತುವುದು, ಓಡುವುದು, ಗುಂಡಿ ಬಿದ್ದ ರಸ್ತೆಯಲ್ಲಿ ದೂರ ಪ್ರಯಾಣ, ಇವುಗಳ ಬಗ್ಗೆ ಡಾಕ್ಟರ ಮಾತು ಕೇಳಿ. ಹೇಳಿದ ದಿನ ಮತ್ತೆ ತೋರಿಸಿ. "ಲೇಸರ್ ಆಯಿತು, ಇನ್ನು ಜೀವನಪೂರ್ತಿ ಭಯವಿಲ್ಲ" ಅಂತ ತಪಾಸಣೆ ಬಿಟ್ಟುಬಿಡುವುದು ತುಂಬಾ ಸಾಮಾನ್ಯವಾದ ತಪ್ಪು. ಬೇರೆ ಜಾಗದಲ್ಲಿ ಹೊಸದಾಗಿ ಹರಿಯಬಹುದು.

ಹಂತ 5: ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ

ದಿನಾ ಬೆಳಿಗ್ಗೆ ಒಂದು ನಿಮಿಷ ಸಾಕು. ಗೋಡೆಯ ಕ್ಯಾಲೆಂಡರಿನಿಂದ ಎರಡು ಮಾರು ದೂರ ನಿಲ್ಲಿ. ಕನ್ನಡಕ ಇರಲಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಒತ್ತಬೇಡಿ. ಕ್ಯಾಲೆಂಡರಿನ ನಡುವಿನ ಒಂದು ಅಂಕಿಯನ್ನೇ ನೋಡುತ್ತಾ, ಕಣ್ಣು ಆಡಿಸದೆ, ಸುತ್ತಲಿನದು ಕಾಣುತ್ತದಾ ಗಮನಿಸಿ: ಮೇಲೆ ಸೂರು, ಕೆಳಗೆ ನೆಲ, ಒಂದು ಬದಿಗೆ ಬಾಗಿಲು, ಇನ್ನೊಂದು ಬದಿಗೆ ಕಿಟಕಿ. ಆಮೇಲೆ ಇನ್ನೊಂದು ಕಣ್ಣು. ಮೂಗಿನ ಪಕ್ಕ ಕೆಳಗೆ ವಿಶೇಷವಾಗಿ ಗಮನ ಇಡಿ, ರೆಟಿನಾ ಸಾಮಾನ್ಯವಾಗಿ ಮೇಲೆ, ಹೊರಬದಿಯಲ್ಲಿ ಕಳಚಲು ಶುರುವಾಗುವುದರಿಂದ ನೆರಳು ಅದರ ಎದುರು ಮೂಲೆಯಲ್ಲಿ ಕಾಣುತ್ತದೆ.

ಮಕ್ಕಳಿಗೆ ಇದನ್ನು ಆಟ ಮಾಡಿ. ನಾವು ಮಗಳಿಗೆ ಒಂದು ಕಣ್ಣು ಮುಚ್ಚಿಸಿ ನಮ್ಮ ಮೂಗು ನೋಡಿಸಿ, ಬದಿಯಲ್ಲಿ ಎಷ್ಟು ಬೆರಳು ಅಂತ ಕೇಳುತ್ತೇವೆ. ಮಕ್ಕಳು ತಾವಾಗಿಯೇ ಹೇಳುವುದಿಲ್ಲ. ಒಂದು ಬದಿಯ ವಸ್ತುವಿಗೆ ಪದೇ ಪದೇ ಡಿಕ್ಕಿ ಹೊಡೆಯುವುದು, ಟಿವಿ ನೋಡುವಾಗ ತಲೆ ಓರೆ ಮಾಡುವುದು, ಹೊಸದಾಗಿ ಮೆಳ್ಳೆಗಣ್ಣು ಬರುವುದು ಅವರ ಭಾಷೆ.

ಹಂತ 6: ದಿನದ ಬದುಕಿನಲ್ಲಿ ಏನು ಬೇಡ

ಕಣ್ಣಿಗೂ ತಲೆಗೂ ಪೆಟ್ಟು ಬೀಳುವ ಆಟ ಬೇಡ: ಬಾಕ್ಸಿಂಗ್, ಕಬಡ್ಡಿ, ಕುಸ್ತಿ, ತಲೆ ಮೊದಲು ನೀರಿಗೆ ಹಾರುವುದು. ಚಿನ್ನಿದಾಂಡು ನಮ್ಮ ಊರುಗಳಲ್ಲಿ ಎಷ್ಟು ಮಕ್ಕಳ ಕಣ್ಣಿಗೆ ಏಟು ಕೊಟ್ಟಿದೆ ಅಂತ ನಿಮಗೇ ಗೊತ್ತು. ಶಟಲ್, ಕ್ರಿಕೆಟ್ ಆಡುವುದಾದರೆ ಪಾಲಿಕಾರ್ಬೊನೇಟ್ ಗಾಜಿನ ಆಟದ ಕನ್ನಡಕ ಇರಲಿ. ನಡೆಯುವುದು, ಓಡಾಡುವುದು, ಮನೆಗೆಲಸ ಎಲ್ಲ ಮಾಡಬಹುದು. ಮಗುವನ್ನು ಗಾಜಿನ ಗೊಂಬೆಯಂತೆ ಮೂಲೆಯಲ್ಲಿ ಕೂರಿಸಬೇಡಿ. ಶಾಲೆಯ ಪಿಟಿ ಮೇಷ್ಟರಿಗೆ ಡಾಕ್ಟರ ಪತ್ರವನ್ನೇ ಕೊಡಿ, ಬಾಯಿಮಾತು ನಿಲ್ಲುವುದಿಲ್ಲ.

ಕಣ್ಣು ಉಜ್ಜುವ ಚಾಳಿ ಬಿಡಿಸಿ. ನಂದಿಬಟ್ಟಲ ರಸ, ಹರಳೆಣ್ಣೆ, ಜೇನು ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಯಾವ ಹನಿಯೂ ರೆಟಿನಾವನ್ನು ಅಂಟಿಸುವುದಿಲ್ಲ. ಹತ್ತಿರದ ಓದಿಗೆ ಅಂತ ಕೊಡುವ ಪೈಲೋಕಾರ್ಪಿನ್ ಹನಿಯಿಂದ ಅಪರೂಪಕ್ಕೆ ರೆಟಿನಾ ಹರಿಯುವುದು ಕಂಡುಬಂದಿದೆ, ನಮ್ಮಂಥವರು ರೆಟಿನಾ ತೋರಿಸದೆ ಅದನ್ನು ಶುರು ಮಾಡಬಾರದು. ಪೊರೆ ಆಪರೇಷನ್ ಬೇಕಾದರೆ ಅದಕ್ಕೂ ಮೊದಲು ರೆಟಿನಾ ಡಾಕ್ಟರಿಗೆ ತೋರಿಸಿ. ಉದ್ದ ಕಣ್ಣಿನವರಿಗೆ ಪೊರೆ ತೆಗೆದ ನಂತರದ ವರ್ಷಗಳಲ್ಲಿ ಕಳಚುವ ಅಪಾಯ ಹೆಚ್ಚುತ್ತದೆ.

ಹಂತ 7: ಲಕ್ಷಣ ಕಂಡ ದಿನ

ಹೀಗಾದರೆ ಅವತ್ತೇ ಹೊರಡಿ: ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿ, ಸೊಳ್ಳೆ ಹಿಂಡು, ಕೂದಲೆಳೆ, ಮಸಿ ಚೆಲ್ಲಿದಂತೆ ಕಾಣುವುದು. ಕತ್ತಲಲ್ಲೂ ಕಣ್ಣಂಚಿಗೆ ಮಿಂಚು ಹೊಡೆಯುವುದು. ಬದಿಯಿಂದ ನೆರಳು ಬರುವುದು. ನೇರ ಗೆರೆ ಸೊಟ್ಟಗೆ ಕಾಣುವುದು. ವರ್ಷಗಳಿಂದ ಇರುವ ಒಂದೆರಡು ಚುಕ್ಕಿ ಹಾಗೇ ಇದ್ದರೆ ಅದು ಬೇರೆ, ಹೊಸದು ಅಥವಾ ಹೆಚ್ಚಾದದ್ದು ಲೆಕ್ಕ. ಮಿಂಚು ತಾನಾಗಿ ನಿಂತಿತು ಅಂತ ಮನೆಯಲ್ಲೇ ಉಳಿಯಬೇಡಿ. ಹರಿದು ಮುಗಿದ ಮೇಲೂ ಮಿಂಚು ನಿಲ್ಲುತ್ತದೆ.

ನಡುಭಾಗ ಇನ್ನೂ ಅಂಟಿಕೊಂಡಿರುವಾಗ ಆಪರೇಷನ್ ಆದರೆ ದೃಷ್ಟಿ ಉಳಿಯುವ ಸಾಧ್ಯತೆ ತುಂಬಾ ಚೆನ್ನಾಗಿರುತ್ತದೆ, ಅದು ಕಳಚಿದ ಮೇಲೆ ಮಾಡಿದರೆ ಮೊದಲಿನಂತೆ ಕಾಣುವುದು ಕಷ್ಟ. ಎರಡರ ನಡುವೆ ಕೆಲವೊಮ್ಮೆ ಒಂದೇ ದಿನದ ಅಂತರ.

ಎಲ್ಲಿಗೆ ಹೋಗಬೇಕು ಅನ್ನುವುದನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಎಲ್ಲ ಕಣ್ಣಿನ ಆಸ್ಪತ್ರೆಯಲ್ಲೂ ರೆಟಿನಾ ಆಪರೇಷನ್ ಮಾಡುವವರು ಇರುವುದಿಲ್ಲ. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಆಸ್ಪತ್ರೆ ಇದೆ, ದೊಡ್ಡ ಊರುಗಳಲ್ಲಿ ಖಾಸಗಿ ಆಸ್ಪತ್ರೆಗಳಿವೆ. ನಿಮಗೆ ಹತ್ತಿರದ ಎರಡಕ್ಕೆ ಫೋನ್ ಮಾಡಿ ಕೇಳಿ: ರೆಟಿನಾ ಸರ್ಜನ್ ಯಾವ ಯಾವ ದಿನ ಇರುತ್ತಾರೆ, ಭಾನುವಾರ ರಾತ್ರಿ ಬಂದರೆ ಯಾರು ನೋಡುತ್ತಾರೆ, ಮಕ್ಕಳಿಗೆ ಮಾಡುತ್ತಾರಾ, ಬಿಪಿಎಲ್ ಕಾರ್ಡಿನ ಯೋಜನೆಯಲ್ಲಿ ಬರುತ್ತದಾ, ಅದಕ್ಕೆ ರೆಫರಲ್ ಚೀಟಿ ಎಲ್ಲಿಂದ ತರಬೇಕು. ಲಕ್ಷಣ ಕಂಡ ದಿನ ಫೋನಿನಲ್ಲಿ "ಕಣ್ಣು ಮಂಜಾಗಿದೆ" ಅನ್ನಬೇಡಿ, ನಾಡಿದ್ದಿಗೆ ಟೋಕನ್ ಕೊಡುತ್ತಾರೆ. ಹೀಗೆ ಹೇಳಿ: "ನಮ್ಮ ವಂಶದಲ್ಲಿ ಸ್ಟಿಕ್ಲರ್ ಇದೆ. ಇವತ್ತು ಬೆಳಿಗ್ಗೆಯಿಂದ ಎಡಗಣ್ಣಿಗೆ ನೆರಳು ಬರುತ್ತಿದೆ. ರೆಟಿನಾ ಕಳಚಿರಬಹುದು. ಈಗಲೇ ಬರುತ್ತಿದ್ದೇವೆ." ಆಪರೇಷನ್ ಆಗಬಹುದಾದ್ದರಿಂದ ಹೊಟ್ಟೆಗೆ ಏನಾದರೂ ತೆಗೆದುಕೊಳ್ಳಬಹುದಾ ಅಂತಲೂ ಆಗಲೇ ಕೇಳಿ. ಗಾಡಿ ನೀವೇ ಓಡಿಸಬೇಡಿ.

ಆಪರೇಷನ್‌ನಲ್ಲಿ ರೆಟಿನಾವನ್ನು ಗೋಡೆಗೆ ಒತ್ತಿ ಹಿಡಿಯಲು ಕಣ್ಣಿಗೆ ಗ್ಯಾಸ್ ತುಂಬಿದ್ದರೆ, ಅದು ಪೂರ್ತಿ ಕರಗುವವರೆಗೆ ವಿಮಾನ ಹತ್ತಬಾರದು. ಎತ್ತರಕ್ಕೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಘಾಟಿ ಹತ್ತಿದರೂ ಇದೇ ತೊಂದರೆ ಆಗಬಹುದು. ಮಂಗಳೂರಿನಲ್ಲಿ ಮಾಡಿಸಿಕೊಂಡು ಮಡಿಕೇರಿಗೋ ಚಿಕ್ಕಮಗಳೂರಿಗೋ ವಾಪಸ್ ಹೋಗುವವರು ಡಿಸ್ಚಾರ್ಜ್ ಆಗುವ ಮೊದಲೇ ನಿಮ್ಮ ಊರು ಎಲ್ಲಿ ಅಂತ ಡಾಕ್ಟರಿಗೆ ಹೇಳಿ. ಮತ್ತೆ, ಒಂದು ಕಣ್ಣಿಗೆ ಆದವರ ಇನ್ನೊಂದು ಕಣ್ಣಿಗೆ ಅಪಾಯ ಜಾಸ್ತಿ. ಅದೇ ದಾಖಲಾತಿಯಲ್ಲಿ ಆ ಕಣ್ಣನ್ನೂ ಅಂಚಿನವರೆಗೆ ನೋಡಿಸಿ, ಮೂರನೆಯ ಹಂತದಲ್ಲಿ ಹೇಳಿದ ಹಾಗೆ.

ನಮ್ಮ ಮನೆಯ ಬೀರುವಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇವೆ. ಕಾಯಿಲೆಯ ಹೆಸರು, ಯಾವ ಕಣ್ಣಿಗೆ ಯಾವ ವರ್ಷ ಲೇಸರ್, ಅನಸ್ತೇಶಿಯಾದ ಎಚ್ಚರಿಕೆ, ಎರಡು ಆಸ್ಪತ್ರೆಯ ನಂಬರ್, ರಾತ್ರಿ ಬರುವ ಕಾರಿನವರ ನಂಬರ್. ಕೆಳಗೆ ಫೈಲು. ಹೋದ ವರ್ಷ ಮಗಳು ಸಂಜೆ ಏಳಕ್ಕೆ "ಅಪ್ಪಾ, ಸೊಳ್ಳೆ ತುಂಬಾ ಇವೆ" ಅಂದಳು. ಮನೆಯಲ್ಲಿ ಸೊಳ್ಳೆ ಇರಲಿಲ್ಲ. ಹಾಳೆ ಕಿತ್ತುಕೊಂಡು ಹೊರಟೆವು. ಒಂದು ಸಣ್ಣ ಹರಕು ಸಿಕ್ಕಿತು, ಮರುದಿನ ಬೆಳಿಗ್ಗೆ ಹತ್ತರೊಳಗೆ ಲೇಸರ್ ಮುಗಿದಿತ್ತು.